ಆಯಿಯ ಸೂರ್ಯ, ನನ್ನ ತಾಟು

ವೆಸ್ಟ್‌ಲ್ಯಾಂಡ್, ನೆದರ್ಲೆಂಡ್ಸ್
೬ ಜುಲೈ ೨೦೨೫, ರವಿವಾರ

ಕಬ್ಬೂರಿನ ನಮ್ಮ ಪಡಸಾಲೆಯಲ್ಲಿ ನೆರೆದಿರುವ ಮಹಾಜನರೇ! ಕಂಬಕ್ಕೆ ಒರಗಿದ, ಊರ ನಾಟಕಗಳಲ್ಲಿ ರಾಜನಾಗುವ ಅಪ್ಪಾ ಆಬಾಸಾಹೇಬರೇ, ಈ ಕಾಗದ ಓದುತ್ತಿರುವ ತಂಗಿ ಮಯೂರಿಯೇ, ಎಲ್ಲರಿಗಿಂತ ಮುಂದೆ ಕೂತು ಕಿವಿಗೆ ಕೈ ಹಚ್ಚಿರುವ ನನ್ನ ಆಯಿ ಲಕ್ಷ್ಮಿಬಾಯಿಯವರೇ! ಮೊಮ್ಮಗ ಸನ್ಮತಿಯ ಜಯ ಜಿನೇಂದ್ರ. ಸದ್ದು ಮಾಡಬೇಡಿ, ಪರದೆ ಏಳುತ್ತಿದೆ.

ಬಂದು ನಲವತ್ತು ದಿನವಾದರೂ ಒಂದು ಕಾಗದ ಬರೆಯಲಿಲ್ಲ, ತಪ್ಪಾಯಿತು. ದಿನಾ ಫೋಟೋ ಕಳಿಸುತ್ತೇನಲ್ಲ, ಸಾಕು ಅಂದುಕೊಂಡಿದ್ದೆ. ಇದನ್ನು ಕೈಯಲ್ಲೇ ಬರೆದು, ಫೋಟೋ ತೆಗೆದು, ಮಯೂರಿಯ ಮೊಬೈಲಿಗೆ ಹಾಕುತ್ತೇನೆ. ಅಂಚೆಗೆ ಹಾಕಿದರೆ ತಲುಪುವ ತನಕ ಆಯಿ ಹಸಿದಿರುತ್ತಾಳೆ.

ಕೃಷಿ ಕಾಲೇಜಿನಿಂದ ನಮ್ಮನ್ನು ಬೇಸಿಗೆಯ ಇಂಟರ್ನ್‌ಶಿಪ್ಪಿಗೆ ಕಳಿಸುವಾಗ, ದಿನವೂ ಇಲ್ಲಿಯ ಬದುಕಿನ ಫೋಟೋ ತೆಗೆದು ವರದಿಗೆ ಸೇರಿಸಬೇಕು ಎಂದಿದ್ದರು. ತೆಗೆದೆ: ಗಾಜಿನ ಮನೆಯೊಳಗೆ ಆಳೆತ್ತರ ಮೀರಿದ ಟೊಮ್ಯಾಟೊ ಬಳ್ಳಿ, ಮಗುವನ್ನು ಮುಂದಿನ ಡಬ್ಬಿಯಲ್ಲಿ ಕೂರಿಸಿ ಸೈಕಲ್ ತುಳಿಯುವ ತಾಯಿ, ಕಿಟಕಿಯ ಗಾಜು ಒರೆಸಿ ಒರೆಸಿ ದಣಿಯದ ಎದುರುಮನೆಯ ಮುದುಕ. ಆದರೆ ಆಯಿ ಕೇಳಿದ್ದು ಬೇರೆಯದೇ ಫೋಟೋ. ಹೊರಡುವ ದಿನ ಹೇಳಿದ್ದಳು: "ಹೊತ್ತ ಮುಳಗೂದ್ರಾಗ ಉಣ್ಣಬೇಕ ನೋಡಪಾ. ತಾಟಿನ ಫೋಟೋ ಕಳಸು. ಅದನ್ನ ನೋಡೇ ನಾ ಸಂಜೀ ಉಣ್ಣಾಕಿ. ನೇಮ ಹಿಡದೀನಿ."

ನಾನು ಕೆಲಸ ಮುಗಿಸಿ, ಸಂಜೆ ಏಳಕ್ಕೆ ಅನ್ನ-ಸಾರು ಬಡಿಸಿಕೊಂಡು, ಕಿಟಕಿಯ ಬಿಸಿಲಿನಲ್ಲಿ ತಾಟಿಟ್ಟು ಫೋಟೋ ಕಳಿಸುತ್ತಿದ್ದೆ. ಇಲ್ಲಿಯ ಸೂರ್ಯನೋ, ಚಪ್ಪಾಳೆ ನಿಂತರೂ ರಂಗ ಬಿಡದ ನಟ. ಹತ್ತರ ತನಕ ಇಳಿಯುವುದಿಲ್ಲ. ನೇಮ ಉಳಿಯಿತೆಂದು ಎದೆ ಉಬ್ಬಿಸಿದೆ.

ನಿನ್ನೆ ಮಯೂರಿ ಫೋನಿನಲ್ಲಿ ಅತ್ತಳು. "ಅಣ್ಣಾ, ಆಯಿ ಹೇಳಬ್ಯಾಡ ಅಂದಾಳ. ಅಲ್ಲಿ ಏಳಂದ್ರ ನಮಗ ಹತ್ತೂವರಿ. ನಿನ್ನ ಫೋಟೋ ಬರೂದ್ರಾಗ ಇಲ್ಲಿ ಹೊತ್ತ ಮುಳಗಿ ಯಾವಾಗೋ ಆಗಿರತೈತಿ, ಆಮ್ಯಾಲ ಆಕಿ ಉಣ್ಣೂದಿಲ್ಲ. ನಲವತ್ತ ದಿನಾ ಒಪ್ಪತ್ತಿನ ಮ್ಯಾಲ ಅದಾಳ. ಇವತ್ತ ಬಸದಿ ಮೆಟ್ಟಲದಾಗ ಕಣ್ಣಿಗೆ ಕತ್ತಲಿ ಬಂದು ಕುಂತಳು."

ಜೊತೆಗೆ ಬಂದಿರುವ ನಿಪ್ಪಾಣಿಯ ಗೆಳೆಯ ಅಲ್ತಾಫನಿಗೆ ಹೇಳಿದೆ.

"ಲೇ ಸನ್ಮತ್ಯಾ, ದೊಡ್ಡ ದನಿ ತಗದು ಡೈಲಾಗ ಹೊಡೀತಿ, ಗಡಿಯಾರ ನೋಡಾಕ ಬರೂದಿಲ್ಲೇನ? ರಂಜಾನದಾಗ ರೋಜಾ ಇದ್ದಾಗ ನಾವು ಯಾವ ಊರಾಗ ಇರತೀವೋ ಆ ಊರಿನ ಹೊತ್ತ ನೋಡತೀವಿ. ಮಧ್ಯಾಹ್ನ ಒಂದಕ್ಕ ಫೋಟೋ ಹಾಕು, ಊರಾಗ ನಾಕೂವರಿ ಆಗಿರತೈತಿ, ಸಂಜೀದಂತ ಹೇಳು. ಬಿಸಲ ಎರಡೂ ಹೊತ್ತ ಒಂದ ನಮೂನಿ ಇರತೈತಿ, ಯಾರಿಗೆ ತಿಳೀತೈತಿ?"

ಆಯಿ, ಯಾರಿಗೂ ತಿಳಿಯುವುದಿಲ್ಲ. ನನಗೆ ದಿಕ್ಕು ತಪ್ಪಿರುವುದೇ ಅದಕ್ಕೆ. ಸುಳ್ಳು ಹೇಳಿದರೆ ನೀನು ಉಣ್ಣುತ್ತೀ, ನಿಜ ಹೇಳಿದರೆ ಹಸಿಯುತ್ತೀ. ನೇಮದ ಸೂರ್ಯ ಯಾವುದು, ನಿನ್ನದೋ ನನ್ನದೋ? ನನ್ನ ಪುಣ್ಯಕ್ಕೆ ನಿನ್ನ ಹೊಟ್ಟೆ ಯಾಕೆ ಖಾಲಿ? ಅಪ್ಪನ ನಾಟಕಗಳಲ್ಲಿ ರಾಜನಿಗೆ ಮಾತು ಮರೆತರೆ ಪರದೆಯ ಹಿಂದಿನಿಂದ ಎತ್ತಿಕೊಡುವವರಿದ್ದರು. ಇಲ್ಲಿ ಯಾರೂ ಇಲ್ಲ.

ಅಪ್ಪನಿಗೆ, ಅವ್ವನಿಗೆ ನಮಸ್ಕಾರ. ಮಯೂರಿಗೆ ಒಳ್ಳೆಯದಾಗಲಿ, ಗುಟ್ಟು ಮುರಿದದ್ದಕ್ಕೆ ಇನ್ನೂ ಒಳ್ಳೆಯದಾಗಲಿ.

ನಿನ್ನ
ಸನ್ಮತಿ

ಮರೆತ ಮಾತು: ಮರೆತಿರಲಿಲ್ಲ, ಅದೂ ಸುಳ್ಳು. ಮಯೂರಿ, ಇದನ್ನು ದನಿ ತಗ್ಗಿಸಿ ಓದು. ಆಯಿ, ಹನ್ನೆರಡು ದಿನದಿಂದ ನನ್ನ ಪಾಳಿ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತೂವರೆ. ನಡುವೆ ಕೊಡುವ ಬ್ರೆಡ್ಡಿನಲ್ಲಿ ಮಾಂಸ ಇರುತ್ತದೆ, ಮುಟ್ಟುವುದಿಲ್ಲ. ಕೋಣೆಗೆ ಬಂದು ಬೇಯಿಸಿ ಉಣ್ಣುವಾಗ ಹೊರಗೆ ಕತ್ತಲೆ. ಈ ಹನ್ನೆರಡು ದಿನ ನಾನು ಕಳಿಸಿದ ತಾಟುಗಳೆಲ್ಲ ಮೊದಲ ವಾರಗಳಲ್ಲಿ ತೆಗೆದವು. ನಾನು ಉಣ್ಣದ ತಾಟಿಗಾಗಿ ನೀನು ಹಸಿದು ಕಾದೆ. ಇವತ್ತು ಸಂಜೆ, ಫೋಟೋ ಬರಲಿ ಬಿಡಲಿ, ಹೊತ್ತಿರುವಾಗ ಉಣ್ಣು. ಬೈಯಲಿಕ್ಕೆ ಕಸುವು ಬೇಕು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ, ನೀನು ಮಧ್ಯಾಹ್ನದ ತುತ್ತಿಗೆ ಕೂಡುವ ಹೊತ್ತಿಗೆ, ಫೋನು ಮಾಡಿ ಬೈಸಿಕೊಳ್ಳುತ್ತೇನೆ.