ನಾಲ್ಕಡಿ ಗೋಡೆಗೆ ಇನ್ನೊಂದು ಸಹಿ

ಮನೆಯಿಂದ,
ಮಾರ್ಚ್ ೧೪, ಬುಧವಾರ

ಗುಬ್ಬೀ,

ಅಕ್ಕನ ಕಾಗದ ಅಂತ ಎದೆ ಧಸಕ್ಕೆನ್ನೋದು ಬೇಡ, ನಾನು ನೆಟ್ಟಗಿದ್ದೀನಿ. ಫೋನಲ್ಲೇ ಹೇಳಬಹುದಿತ್ತು. ಆದರೆ ನೀನು ಮಧ್ಯೆ ಬಾಯಿ ಹಾಕ್ತೀಯ, ನನಗೆ ಸಿಟ್ಟು ಬರುತ್ತೆ, ಆಮೇಲೆ ಇಬ್ಬರೂ ವಾರಗಟ್ಟಲೆ ಮುಖ ಊದಿಸಿಕೊಂಡು ಕೂರ್ತೀವಿ. ಅದಕ್ಕೇ ಕಾಗದ. ಇದರ ಜೊತೆ ಒಂದು ಅರ್ಜಿ ಇಟ್ಟಿದ್ದೀನಿ. ಮನೆ ನಮ್ಮಿಬ್ಬರ ಹೆಸರಲ್ಲಿರೋದರಿಂದ ನಿನ್ನ ಸಹಿಯೂ ಬೇಕಂತೆ.

ವಿಷಯ ಇಷ್ಟೆ. ರಸ್ತೆ ಕಡೆಯ ಗೋಡೆಯ ಮೇಲೆ ಕಬ್ಬಿಣದ ಜಾಲರಿ ಹಾಕಿಸಿ ಒಟ್ಟು ಎಂಟಡಿ ಎತ್ತರ ಮಾಡಬೇಕು. ನಮ್ಮ ಬಡಾವಣೆಯಲ್ಲಿ ನಾಲ್ಕಡಿ ಮೀರೋ ಹಾಗಿಲ್ಲ, ಮೀರಬೇಕಾದರೆ ನಗರ ಯೋಜನಾ ಕಚೇರಿಯ ವಿಶೇಷ ಅನುಮತಿ ಬೇಕು. ಆ ನಾಲ್ಕಡಿಯ ನಿಯಮ ಬರೆದವರು ಯಾರು ಅಂತ ನಿನಗೆ ಹೇಳಬೇಕಿಲ್ಲ. ಅರ್ಜಿ ನಮೂನೆ ಕೇಳೋಕೆ ಹೋದಾಗ ಅಲ್ಲಿನ ಗುಮಾಸ್ತೆ ಹಳೇ ಕಡತ ತೆಗೆದು ನನ್ನ ಕಡೆ ತಿರುಗಿಸಿದಳು. ಕೆಳಗಡೆ, ಯೋಜನಾಧಿಕಾರಿ ಅನ್ನೋ ಮುದ್ರೆಯ ಮೇಲೆ, ಅಪ್ಪನ ಸಹಿ. ನಮ್ಮ ಅಂಕಪಟ್ಟಿಯ ಮೇಲೆ ಹಾಕ್ತಿದ್ದರಲ್ಲ, ಬಾಲ ಎಳೆದ ಸಹಿ, ಅದೇ. ಕೌಂಟರಿನ ಮುಂದೇ ಅತ್ತುಬಿಟ್ಟೆ. ಅವಳು ಪಾಪ ಗಾಬರಿಯಾಗಿ, ಅರ್ಜಿ ಇನ್ನೂ ತಿರಸ್ಕಾರ ಆಗಿಲ್ಲ ಮೇಡಂ, ಕೊಟ್ಟೇ ಇಲ್ಲವಲ್ಲ ಅಂತ ಸಮಾಧಾನ ಮಾಡಿದಳು.

ಅವತ್ತಿಂದ ಅಪ್ಪನ ಭಾನುವಾರಗಳದ್ದೇ ನೆನಪು. ಕೆಂಪು ಬಿಳಿ ಪಟ್ಟೆಯ ಅಳತೆಕೋಲು ಹಿಡಿದು ಅವರು ಮುಂದೆ, ನಾವಿಬ್ಬರೂ ಹಿಂದೆ. ನಾನು ಪುಸ್ತಕದಲ್ಲಿ ಮನೆ ನಂಬರ್ ಬರೀತಿದ್ದೆ, ನೀನು ಗೋಡೆಯ ಎತ್ತರ ಕೂಗಿ ಹೇಳ್ತಿದ್ದೆ. ಬೀದಿಯವರು ಅವರನ್ನ ನಾಲ್ಕಡಿ ಸಾಹೇಬರು ಅಂತ ಆಡಿಕೊಳ್ತಿದ್ದರು. ಅಪ್ಪ ಏನು ಕಮ್ಮಿಯೇ, ತಾವೂ ಸೇರಿ ನಗ್ತಿದ್ದರು. ಗೋಡೆ ಎದೆಮಟ್ಟಕ್ಕಿದ್ದರೆ ಜನ ಮೊಣಕೈ ಊರಿ ಮಾತಿಗೆ ನಿಲ್ತಾರೆ, ತಲೆ ಮೀರಿದರೆ ಪಕ್ಕದವರ ಮನೇಲಿ ಜ್ವರ ಬಂದರೂ ಗೊತ್ತಾಗಲ್ಲ ಅನ್ನೋದು ಅವರ ವಾದ. ಪಕ್ಕದ ಮನೆಯ ವಾಚ್ ರಿಪೇರಿಯವರು ದಿನಾ ಸಂಜೆ ನಮ್ಮ ಗೋಡೆಗೆ ಮೊಣಕೈ ಊರಿದ್ದೂ ಊರಿದ್ದೇ. ಅವರ ಹೆಂಡತಿ ಅಲ್ಲಿಂದಲೇ ಬಟ್ಟಲು ದಾಟಿಸೋರು, ಅಮ್ಮ ಅದನ್ನ ಖಾಲಿ ವಾಪಸ್ ಕೊಡ್ತಾನೇ ಇರಲಿಲ್ಲ. ನೀನಂತೂ ಆ ಗೋಡೆಯ ಮೇಲೆ ಸರ್ಕಸ್ ಮಾಡೋಕೆ ಹೋಗಿ ಮುಂದಿನ ಎರಡು ಹಲ್ಲು ಉದುರಿಸಿಕೊಂಡೆ. ಸ್ಕೂಲಲ್ಲಿ ಹಲ್ಲು ಕಳುವಾಗಿದೆ ಅಂತ ಹೇಳಿದ ಮಹಾತಾಯಿ ನೀನು.

ಆ ಕಂಟ್ರಾಕ್ಟರ್ ಟೇಪು ಹಿಡಿದು ಬಂದದ್ದು ನೆನಪಿದೆಯಾ? ಅಪ್ಪ ಅವನ ಗೋಡೆ ಒಡೆಸಿದ್ದರು, ಆ ಸೇಡಿಗೆ ಬಂದಿದ್ದ. ನಮ್ಮ ಗೋಡೆ ಒಳಗಿಂದ ಅಳೆದರೆ ಸರಿಯಾಗಿ ನಾಲ್ಕಡಿ. ರಸ್ತೆ ತಗ್ಗು, ಹೊರಗಿಂದ ಅಳೆದರೆ ಮೂರಿಂಚು ಜಾಸ್ತಿ. ಊರೆಲ್ಲ ಅಳೆದ ಮನುಷ್ಯ ತನ್ನ ಗೋಡೆಯನ್ನ ಅಂಗಳದಲ್ಲೇ ನಿಂತು ಅಳೆದಿದ್ದರು ನೋಡು. ಅಪ್ಪ ಕಚೇರಿಗೆ ಹೋಗಿ ತಮ್ಮ ಹೆಸರಿಗೇ ನೋಟಿಸು ಬರೆದು ತಂದರು, ತಲುಪಿದೆ ಅಂತ ಅಮ್ಮನ ಹತ್ತಿರ ಸಹಿ ಹಾಕಿಸಿಕೊಂಡರು. ಆಮೇಲೆ ಬನಿಯನ್ನಲ್ಲಿ ನಿಂತು ಮೇಲಿನ ಸಾಲು ಇಟ್ಟಿಗೆ ಉಳಿಯಲ್ಲಿ ತಾವೇ ಬಿಡಿಸಿದರು. ಅಮ್ಮ ಆ ನೋಟಿಸು ನೆನೆಸಿಕೊಂಡು ವಾರವೆಲ್ಲ ನಕ್ಕಳು. ಆ ದಿನಗಳು ಎಲ್ಲಿ ಹೋದವೋ ಅನ್ನಿಸಿ ಸಂಕಟವಾಗುತ್ತೆ ಕಣೇ.

ಈಗ ಅದೇ ಗೋಡೆ ಎತ್ತರಿಸೋಕೆ ಹೊರಟಿದ್ದೀನಿ. ಬೇರೆ ದಾರಿಯಿಲ್ಲ. ಹೋದ ತಿಂಗಳು ಮನೆಯಲ್ಲೇ ನಡೆಸ್ತಿರೋ ನಮ್ಮ ಶಿಶುವಿಹಾರದ ಒಂದು ಮಗು ಹೊರಗೆ ಹೋಗಿಬಿಟ್ಟಿತು. ನಾಲ್ಕು ವರ್ಷದ ಹುಡುಗಿ, ಒಂದು ಕಡೆ ನಿಲ್ಲಲ್ಲ ಅಂತ ನಾವೆಲ್ಲ ಬುಗುರಿ ಅಂತೀವಿ. ಅಂಗಳದ ಕಲ್ಲುಬೆಂಚು ಹತ್ತಿ ಗೋಡೆ ದಾಟಿರಬೇಕು. ಇಪ್ಪತ್ತು ನಿಮಿಷ ಜೀವ ಕೈಯಲ್ಲಿ ಹಿಡಿದುಕೊಂಡು ಹುಡುಕಿದ್ವಿ. ಮುಖ್ಯರಸ್ತೆಯ ಸೈಕಲ್ ಅಂಗಡಿ ಮುಂದೆ ಟೈರು ಎಣಿಸ್ತಾ ನಿಂತಿದ್ದಳು, ನನ್ನ ನೋಡಿ ಹನ್ನೊಂದು ಅಂದಳು.

ಅಂಗಳ ನೋಡಿಕೊಳ್ಳೋದು ನಮ್ಮ ಆಯಾಳ ಕೆಲಸ. ಹನ್ನೆರಡು ವರ್ಷ ನನ್ನ ಜೊತೆ ಇದ್ದಳು. ಮಕ್ಕಳ ಅಪ್ಪ ಅಮ್ಮಂದಿರು ಕೂಗಾಡಿದರು, ಅವಳನ್ನ ಬಿಡಿಸಬೇಕಾಯಿತು. ಅಷ್ಟಕ್ಕೂ ಅವರಿಗೆ ಸಮಾಧಾನವಿಲ್ಲ, ತಿಂಗಳ ಕೊನೆಯೊಳಗೆ ಬೇಲಿ ಏಳದಿದ್ದರೆ ಮಕ್ಕಳನ್ನ ಕಳಿಸಲ್ಲ ಅಂತ ಪಟ್ಟು ಹಿಡಿದಿದ್ದಾರೆ. ಹತ್ತೊಂಬತ್ತರಲ್ಲಿ ಆರು ಮಕ್ಕಳು ಆಗಲೇ ಬಿಟ್ಟಾಯಿತು. ಅನುಮತಿ ಸಿಗದಿದ್ದರೆ ಶಿಶುವಿಹಾರ ಮುಚ್ಚಿದ ಹಾಗೇ. ಮಕ್ಕಳ ಗಲಾಟೆ ಇಲ್ಲದ ಈ ಮನೆಯಲ್ಲಿ ನಾನೊಬ್ಬಳೇ ಹೇಗಿರ್ತೀನೋ, ನೆನೆಸಿಕೊಂಡರೆ ಭಯ.

ಬರುವ ಸೋಮವಾರದ ಮುಂದಿನ ಸೋಮವಾರ ವಿಚಾರಣೆ. ಅಪ್ಪನ ನಿಯಮ ಮುರೀತಿದ್ದೀಯಾ ಅಂತ ಜಗಳಕ್ಕೆ ಬರಬೇಡ, ಆ ಜಗಳ ನನ್ನ ಜೊತೆ ನಾನೇ ಮಾಡಿ ಸಾಕಾಗಿದೆ. ಪೆನ್ಸಿಲ್ ಗುರುತು ಹಾಕಿದ ಕಡೆ ಸಹಿ ಹಾಕಿ ಬೇಗ ಕಳಿಸು. ಬಿಡುವಾದರೆ ನೀನೇ ಬಾ, ನಾಲ್ಕು ದಿನ ಇದ್ದು ಹೋಗು.

ಸದಾ ನಿನ್ನನ್ನ ಗದರಿಕೊಂಡೇ ನೆನೆಸುವ,
ಅಕ್ಕ

ತಾ. ಕ.: ಅಂಟಿಸಿಟ್ಟ ಲಕೋಟೆಯನ್ನ ಇವತ್ತು, ಶುಕ್ರವಾರ, ಹರಿದು ಬರೀತಿದ್ದೀನಿ. ಬುಗುರಿ ಗೋಡೆ ಹತ್ತಲಿಲ್ಲ. ಅಷ್ಟೆತ್ತರದಿಂದ ಹಾರಿದ ಮಗುವಿನ ಮೊಣಕಾಲು ಯಾಕೆ ತರಚಿಲ್ಲ ಅಂತ ಒಬ್ಬರೂ ಕೇಳಲಿಲ್ಲ. ಅವತ್ತು ಟಪಾಲು ತಗೊಳ್ಳೋಕೆ ಗೇಟಿನ ಆಚೆ ಹೋಗಿದ್ದವಳು ನಾನು. ಒಳಗೆ ಬಂದು ಚಿಲಕ ಹಾಕಲಿಲ್ಲ. ಆಯಾ ಅಂಗಳದಲ್ಲಿ ಇರಲಿಲ್ಲ ನಿಜ, ಇನ್ನೊಂದು ಮಗುವಿನ ಬಟ್ಟೆ ಬದಲಾಯಿಸು ಅಂತ ಒಳಗೆ ಕಳಿಸಿದ್ದು ನಾನೇ. ತೆರೆದ ಗೇಟನ್ನ ಮೊದಲು ನೋಡಿದವಳು ಅವಳು. ನನ್ನ ಮುಖ ಒಂದು ಸಲ ನೋಡಿ ಮಗು ಹುಡುಕೋಕೆ ಓಡಿದಳು. ಸಂಜೆ ಎಲ್ಲರ ಮುಂದೆ ತಪ್ಪು ತನ್ನದು ಅಂತ ಅವಳು ಹೇಳಿದಳು, ನಾನು ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಈಗ ಅವಳ ಮನೆಗೆ ಹೊರಟಿದ್ದೀನಿ. ಅರ್ಜಿಯಲ್ಲಿ ಮಗು ಗೋಡೆ ದಾಟಿತು ಅನ್ನೋ ಸಾಲು ಹೊಡೆದುಹಾಕಿ, ಗೇಟಿಗೆ ಚಿಲಕ ಹಾಕದೆ ಬಿಟ್ಟವಳು ನಾನು ಅಂತ ಬರೆದಿದ್ದೀನಿ. ಇದನ್ನ ಓದಿದ ಮೇಲೆ ಅವರು ಅನುಮತಿ ಕೊಡಲಿಕ್ಕಿಲ್ಲ, ಗೊತ್ತು. ಆದರೂ ನೀನು ಸಹಿ ಹಾಕು ಗುಬ್ಬೀ. ಆ ಸಾಲಿನ ಕೆಳಗೆ ನನ್ನ ಹೆಸರೊಂದೇ ಇರೋದನ್ನ ನನ್ನ ಕೈಲಿ ನೋಡೋಕಾಗ್ತಿಲ್ಲ.