ತೊಳೆದ ಮುಖಕ್ಕೆ ಹಾಜರಿ ಇಲ್ಲ

ಶಾಲಾ ಹಾಜರಾತಿಯ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನನ್ನ ಮಗಳು ದಿನಾ ಶಾಲೆಗೆ ಬರುತ್ತಿದ್ದಾಳೆ. ಇದನ್ನು ನಾನು ಬಲ್ಲೆ, ಅವಳಿಗೆ ಪಾಠ ಹೇಳುವವರು ಬಲ್ಲರು, ಪಕ್ಕದಲ್ಲಿ ಕೂತು ಅವಳ ಉತ್ತರ ನೋಡಿ ಬರೆಯುವ ಹುಡುಗಿಯಂತೂ ಎಲ್ಲರಿಗಿಂತ ಚೆನ್ನಾಗಿ ಬಲ್ಲಳು. ತಾವು ಶಾಲೆಯ ಗೇಟಿನಲ್ಲಿ ನಿಲ್ಲಿಸಿರುವ, ಮುಖ ನೋಡಿ ಹಾಜರಿ ಹಾಕುವ ಯಂತ್ರ ಮಾತ್ರ ಒಪ್ಪುತ್ತಿಲ್ಲ. ಅದರ ಪ್ರಕಾರ ರಜೆ ಮುಗಿದ ಮೇಲೆ ಅವಳು ಶಾಲೆಯ ಕಡೆ ತಲೆ ಹಾಕಿಯೂ ಮಲಗಿಲ್ಲ. ಹಾಜರಿ ಸಾಲದವರಿಗೆ ಪರೀಕ್ಷೆ ಇಲ್ಲ ಎಂದು ತಮ್ಮ ಸುತ್ತೋಲೆ ಹೇಳುತ್ತದೆ. ಯಾರು ಕೂರಬೇಕು, ಯಾರು ಕೂರಬಾರದು ಎಂಬುದು ಈ ಶುಕ್ರವಾರ ತೀರ್ಮಾನವಾಗುತ್ತದಂತೆ. ನನ್ನ ಮಗಳು ಮಾಡಿದ ಅಪರಾಧ ಇಷ್ಟೇ: ಅವಳು ಮುಖ ತೊಳೆದುಕೊಂಡು ಬರುತ್ತಾಳೆ.

ತಮಗೆ ಇದು ಅರ್ಥವಾಗಲಿಕ್ಕಿಲ್ಲ. ನಮಗೂ ಮೊದಲು ಆಗಲಿಲ್ಲ. ಇದರಲ್ಲಿ ಯಾರೂ ದಡ್ಡತನ ಮಾಡಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಬುದ್ಧಿವಂತಿಕೆಯಿಂದಲೇ ನಡೆದುಕೊಂಡರು, ಅದಕ್ಕೇ ಕೆಲಸ ಇಷ್ಟು ಕೆಟ್ಟಿತು. ಯಂತ್ರ ತಂದ ತಮ್ಮ ಕಡೆಯವರು, ಮಕ್ಕಳೆಲ್ಲ ತಪ್ಪದೆ ಒಟ್ಟಿಗೆ ಸಿಗುವ ದಿನ ಯಾವುದು ಎಂದು ಕೇಳಿದರು. ಮುಖ್ಯೋಪಾಧ್ಯಾಯಿನಿಯವರು ಶಾಲಾ ವಾರ್ಷಿಕೋತ್ಸವದ ದಿನ ಎಂದರು. ಅಂದು ನನ್ನ ಮಗಳ ತರಗತಿಯದು ರಾಜನ ಆಸ್ಥಾನದ ನಾಟಕ. ಬಣ್ಣದ ಕೋಣೆಯಿಂದ ಮಕ್ಕಳು ಒಬ್ಬೊಬ್ಬರಾಗಿ ಹೊರಬರುತ್ತಿದ್ದಂತೆ ತಮ್ಮವರು ಬಾಗಿಲಲ್ಲೇ ಹಿಡಿದು ನಿಲ್ಲಿಸಿ ಮುಖ ನೋಂದಾಯಿಸಿಕೊಂಡರು.

"ಸಾರ್, ಬಣ್ಣ ಹಚ್ಚಿದಾರಲ್ಲ, ಪರವಾಗಿಲ್ವಾ?" ಎಂದು ಒಬ್ಬ ಶಿಕ್ಷಕಿ ಕೇಳಿದ್ದುಂಟು.

"ಎರಡು ಕಣ್ಣು, ಒಂದು ಮೂಗು, ಒಂದು ಬಾಯಿ ಇದೆಯಲ್ಲ ಟೀಚರ್? ಸಾಕು. ಮುಂದಿನವರನ್ನ ಕಳಿಸಿ."

ಹೀಗೆ ತಮ್ಮ ಇಲಾಖೆಯ ಕಣ್ಣಿನಲ್ಲಿ ಆ ತರಗತಿಯಲ್ಲಿ ಈಗ ಒಬ್ಬ ರಾಜ, ಒಬ್ಬ ಮಂತ್ರಿ, ಒಂದಷ್ಟು ಸೈನಿಕರು, ಒಂದು ಮರ ಮತ್ತು ಒಂದು ಸಾಲು ಸಖಿಯರು ಓದುತ್ತಿದ್ದಾರೆ. ರಜೆ ಮುಗಿದು ಗೇಟು ತೆರೆದ ದಿನ ಮಾಮೂಲಿ ಮಕ್ಕಳು ಬಂದು ನಿಂತರು. ಯಂತ್ರ ಒಬ್ಬರನ್ನೂ ಗುರುತಿಸಲಿಲ್ಲ. ಮಂತ್ರಿಯಾಗಿದ್ದ ಹುಡುಗಿ ತುಸು ತಲೆಹರಟೆ. ಮಾರನೆಯ ದಿನ ತಮಾಷೆಗೆಂದು ಅದೇ ಮೀಸೆ ಅಂಟಿಸಿಕೊಂಡು ಬಂದು ಯಂತ್ರದ ಮುಂದೆ ನಿಂತಳು. ಯಂತ್ರ ಸಂತೋಷದಿಂದ "ಹಾಜರು" ಎಂದಿತು. ಅಲ್ಲಿಗೆ ದಾರಿ ಸಿಕ್ಕಿತಲ್ಲ! ಅಂದಿನಿಂದ ಬೆಳಿಗ್ಗೆ ಗೇಟಿನಾಚೆಯ ಕಲ್ಲುಬೆಂಚಿನ ಮೇಲೆ, ನನ್ನ ಮಗಳೊಬ್ಬಳನ್ನು ಬಿಟ್ಟು, ಇಡೀ ತರಗತಿ ಕೂತು ಒಬ್ಬರ ಮುಖಕ್ಕೆ ಇನ್ನೊಬ್ಬರು ಬಣ್ಣ ಬಳಿಯುತ್ತಾರೆ. ಒಳಗೆ ಕಾಲಿಟ್ಟ ಕೂಡಲೇ ಆಟದ ಮೇಷ್ಟರು ಒದ್ದೆ ಟವೆಲ್ ಹಿಡಿದು ನಿಂತಿರುತ್ತಾರೆ. ವಿದ್ಯಾರ್ಥಿಗಳು ಯಾವುದೇ ರೀತಿಯ ಬಣ್ಣ, ಪೌಡರು, ಕಾಡಿಗೆ ಹಚ್ಚಿಕೊಳ್ಳತಕ್ಕದ್ದಲ್ಲ ಎಂಬುದೂ ತಮ್ಮದೇ ಹೊಸ ಸುತ್ತೋಲೆ ತಾನೆ? ಗೇಟಿನ ಹೊರಗೆ ಒಂದು ಆಜ್ಞೆ, ಒಳಗೆ ಇನ್ನೊಂದು. ಎರಡನ್ನೂ ಮಕ್ಕಳು ಅಕ್ಷರಶಃ ಪಾಲಿಸುತ್ತಿದ್ದಾರೆ. ಇಂಥ ವಿಧೇಯ ತರಗತಿ ತಮಗೆ ಬೇರೆಲ್ಲೂ ಸಿಗುವುದಿಲ್ಲ. ಸಖಿಯರ ಮುಖಗಳೆಲ್ಲ ಯಂತ್ರಕ್ಕೆ ಒಂದೇ ಥರ ಕಾಣುವುದರಿಂದ, ಜ್ವರ ಬಂದು ಮನೆಯಲ್ಲಿ ಮಲಗಿದ್ದ ಸಖಿಯೊಬ್ಬಳು ವಾರವಿಡೀ ಹಾಜರಿದ್ದಾಳೆ. ಮರವಾಗಿದ್ದ ಹುಡುಗನ ಕಥೆ ಕೇಳಬೇಡಿ. ಅವನಿಗೆ ದಿನಾ ಸೊಪ್ಪು ಬೇಕು.

ಇನ್ನು ನನ್ನ ಮಗಳ ವಿಷಯ. ಅವಳೂ ಒಬ್ಬ ಸಖಿ. ಹುಟ್ಟಿನಿಂದಲೇ ಅವಳ ಎಡಗಣ್ಣಿನ ಕೆಳಗಿನಿಂದ ಕೆನ್ನೆಯವರೆಗೆ ಒಂದು ಕಂದು ಮಚ್ಚೆ ಇದೆ. ಚಿಕ್ಕವಳಿದ್ದಾಗ ಯಾರಾದರೂ ಏನಿದು ಎಂದರೆ, "ಹೊಟ್ಟೆಯಲ್ಲಿದ್ದಾಗ ಅಮ್ಮ ನನ್ನ ಮೇಲೆ ಕಾಫಿ ಚೆಲ್ಲಿದ್ದು" ಎಂದು ಗಂಭೀರವಾಗಿ ಹೇಳುತ್ತಿದ್ದಳು. ಹದಿಮೂರು ತುಂಬಿದ ಮೇಲೆ ಗೆಳತಿಯೊಬ್ಬಳು ಪ್ರೀತಿಯಿಂದಲೇ, "ಆ ಮಚ್ಚೆ ಒಂದು ಇಲ್ದೆ ಇದ್ದಿದ್ರೆ ನೀನೇ ನಮ್ಮ ಕ್ಲಾಸಿಗೆ ಚೆಂದ ಕಣೇ" ಎಂದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೊಗಳಿಕೆಗೆ ಏನು ಮಾಡುವುದು? ಮಾರನೆಯ ದಿನದಿಂದ ನಮ್ಮ ಮನೆಯ ಬಚ್ಚಲಿನ ಚಿಲಕ ಬೆಳ್ಳಂಬೆಳಿಗ್ಗೆಯೇ ಒಳಗಿನಿಂದ ಬೀಳತೊಡಗಿತು. ಹೊರಗೆ ಟವೆಲ್ ಹೆಗಲಿಗೇರಿಸಿ ಕಾಯುತ್ತಿದ್ದ ನನ್ನ ತಾಯಿ ಕೂಗುತ್ತಿದ್ದರು: "ಒಳಗೇನು ಗೋಡೆಗೆ ಸುಣ್ಣ ಹೊಡೀತಿದೀಯೇನೇ?"

"ಹ್ಞೂಂ ಅಜ್ಜಿ, ಎರಡನೇ ಕೋಟು."

ನಾವು ನಗುತ್ತಿದ್ದೆವು. ನಗಬಾರದಾಗಿತ್ತು ಎಂದು ಗೊತ್ತಾಗಿದ್ದು ನಿಧಾನಕ್ಕೆ. ಅವಳು ಈಜುವುದನ್ನು ಬಿಟ್ಟಳು. ಬೆವರುತ್ತದೆಂದು ಓಡುವುದನ್ನು ಬಿಟ್ಟಳು. ಗೆಳತಿಯ ಮನೆಯಲ್ಲಿ ಉಳಿದರೆ ಎಲ್ಲರಿಗಿಂತ ಮೊದಲು ಎದ್ದು ಮುಖ ಸಿದ್ಧಮಾಡಿಕೊಂಡು, ಮತ್ತೆ ಬಂದು ಮಲಗಿ, ಈಗ ತಾನೇ ಎದ್ದವಳಂತೆ ಆಕಳಿಸುತ್ತಿದ್ದಳಂತೆ. ನನ್ನ ಹೆಂಡತಿ ಗಮನಿಸಿದ ಇನ್ನೊಂದು ಸಂಗತಿಯಿದೆ. ಅವಳು ಅಳುವುದನ್ನೂ ಬಿಟ್ಟಿದ್ದಳು. ಅತ್ತರೆ ಗೆರೆ ಬೀಳುತ್ತದೆ.

ನಾನು ಬಣ್ಣದ ವೈರಿಯಲ್ಲ, ಮಾನ್ಯರೇ. ಖುಷಿಗೆ ಹಚ್ಚಿಕೊಳ್ಳುವುದು ಬೇರೆ, ಹೆದರಿ ಬಚ್ಚಿಟ್ಟುಕೊಳ್ಳುವುದು ಬೇರೆ. ನನ್ನದು ಕನ್ನಡಕದ ಅಂಗಡಿ. ಈ ವಯಸ್ಸಿನ ಮಕ್ಕಳು ದಿನಾ ಬರುತ್ತಾರೆ. ದೂರದ್ದು ಕಾಣುತ್ತಾ, ಹತ್ತಿರದ್ದು ಕಾಣುತ್ತಾ ಎಂದು ಕೇಳುವ ಕೆಲಸ ನನಗೆ ಬಿಟ್ಟದ್ದು, ಅವರಿಗೆ ಅದು ಬೇಕಾಗಿಲ್ಲ. "ಅಂಕಲ್, ಇದು ಹಾಕ್ಕೊಂಡ್ರೆ ನನ್ ಮೂಗು ಸಣ್ಣಗೆ ಕಾಣುತ್ತಾ?" "ಹಣೆ ಮೇಲಿನ ಮೊಡವೆ ಮುಚ್ಚೋ ಅಷ್ಟು ದೊಡ್ಡ ಫ್ರೇಮ್ ಇದೆಯಾ?" ಮೊನ್ನೆಯೊಬ್ಬ ಹುಡುಗ, ಮೀಸೆ ಇನ್ನೂ ಬರಲೋ ಬೇಡವೋ ಎಂದು ಯೋಚಿಸುತ್ತಿರುವ ವಯಸ್ಸು, ದವಡೆ ಚೌಕಾಕಾರ ಕಾಣುವಂಥದ್ದು ಕೊಡಿ ಎಂದ. ಮೇಜಿನ ಮೇಲಿನ ಕನ್ನಡಿಯಲ್ಲಿ ಅವರು ತಮ್ಮನ್ನು ನೋಡಿಕೊಳ್ಳುವುದಿಲ್ಲ, ತಪಾಸಣೆ ಮಾಡಿಕೊಳ್ಳುತ್ತಾರೆ. ಫೋನಿನ ಕ್ಯಾಮೆರಾ ಕೇಳದೆಯೇ ಕೆನ್ನೆ ನುಣುಪು ಮಾಡಿ ತೋರಿಸುತ್ತದೆ. ಬೀದಿಯ ತುದಿಯ ದೊಡ್ಡ ಫಲಕದಲ್ಲಿ ರೋಮರಂಧ್ರವೇ ಇಲ್ಲದ ಹೆಂಗಸೊಬ್ಬಳು ಎಲ್ಲರನ್ನೂ ನೋಡಿ ಮರುಗುತ್ತಾಳೆ. ಇವರೆಲ್ಲ ವ್ಯಾಪಾರಿಗಳು, ಪುಸಲಾಯಿಸುತ್ತಾರೆ. ಕಡ್ಡಾಯ ಮಾಡುವ ಧೈರ್ಯ ಅವರಿಗೂ ಬಂದಿರಲಿಲ್ಲ. ಅದು ತಮ್ಮಿಂದಾಯಿತು.

ವಾರ್ಷಿಕೋತ್ಸವದ ಫೋಟೋ ರಜೆಯಲ್ಲಿ ಮನೆಗೆ ಬಂತು. ಸಖಿಯರೆಲ್ಲ ಸಾಲಾಗಿ ನಿಂತಿದ್ದರು. ಒಂದೇ ಬಿಳುಪು, ಒಂದೇ ಕೆಂಪು, ಕಿವಿಯವರೆಗೆ ಎಳೆದ ಒಂದೇ ಹುಬ್ಬು. "ಅಪ್ಪಾ, ಇದ್ರಲ್ಲಿ ನಾನ್ಯಾರು ಹೇಳು ನೋಡೋಣ" ಎಂದಳು. ನಾನು ಕನ್ನಡಕ ಬದಲಿಸಿ, ವೃತ್ತಿಯ ಘನತೆಯಿಂದ ಒಬ್ಬಳನ್ನು ತೋರಿಸಿದೆ. ನನ್ನ ಹೆಂಡತಿ, "ನಿಮ್ಮ ಅಂಗಡಿಗೆ ಬರೋರನ್ನ ದೇವರೇ ಕಾಪಾಡಬೇಕು" ಎಂದು ಇನ್ನೊಬ್ಬಳನ್ನು ತೋರಿಸಿದಳು. ಎರಡೂ ತಪ್ಪು. ನನ್ನ ತಾಯಿ ಫೋಟೋ ಇಸಿದುಕೊಂಡು, "ಯಾವುದೋ ಒಂದು ಇರ್ಲಿ ಬಿಡೇ, ಎಲ್ಲಾ ಚೆನ್ನಾಗೇ ಇದಾವೆ" ಎಂದರು. ಮಗಳು ನಕ್ಕೂ ನಕ್ಕೂ ಸುಸ್ತಾಗಿ, ಆಮೇಲೆ ಸಣ್ಣ ದನಿಯಲ್ಲಿ, "ಮೊದಲು ನಂಗೂ ಗೊತ್ತಾಗ್ಲಿಲ್ಲ" ಎಂದಳು.

ಶಾಲೆ ಮತ್ತೆ ಶುರುವಾದ ದಿನ ತಿಂಡಿಗೆ ಕೂತಾಗ ಅವಳ ಕೆನ್ನೆಯ ಮೇಲೆ ಮಚ್ಚೆ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಮೇಜಿನ ಕೆಳಗೆ ನನ್ನ ಕಾಲು ಒದ್ದಳು. ನನ್ನ ತಾಯಿಗೆ ಒದೆಯುವವರಿಲ್ಲ. "ಇವತ್ತು ಬಚ್ಚಲು ಬೇಗ ಬಿಟ್ಯಲ್ಲೇ, ಮೈಗೆ ಹುಷಾರಿಲ್ವಾ?" ಎಂದರು. "ಹುಷಾರಾಗಿದೀನಿ ಅಜ್ಜಿ" ಎಂದು ಹೇಳಿ ಅವಳು ಚೀಲ ಹೆಗಲಿಗೇರಿಸಿದಳು. ಎರಡು ವರ್ಷದ ಮೇಲೆ ಮೊದಲ ಸಲ ತನ್ನ ಮುಖ ಹೊತ್ತು ಬೀದಿಗಿಳಿದ ಹುಡುಗಿ ಎಲ್ಲರಿಗಿಂತ ಮೊದಲು ಗೇಟಿಗೆ ಬಂದು ತಮ್ಮ ಯಂತ್ರದ ಮುಂದೆ ನಿಂತಳು. ಯಂತ್ರ ಎಲ್ಲರಿಗೂ ಕೇಳಿಸುವಂತೆ ಹೇಳಿತು: "ಅಪರಿಚಿತ ಮುಖ. ದಯವಿಟ್ಟು ಬದಿಗೆ ಸರಿಯಿರಿ."

ಮಚ್ಚೆಯಿಂದಲೇ ಹೀಗಾಯಿತು ಎಂದುಕೊಂಡು ಅವಳು ಬದಿಗೆ ಸರಿದು ನಿಂತಳು. ಹಿಂದಿನವರೂ ಹಾಗೇ ಒಬ್ಬೊಬ್ಬರಾಗಿ ಅಪರಿಚಿತರಾದ ಮೇಲೆಯೇ ಅವಳಿಗೆ ಉಸಿರು ಬಂದದ್ದು. ತಮ್ಮ ಯಂತ್ರದ ಸಭ್ಯತೆಯನ್ನು ನಾನು ಮೆಚ್ಚುತ್ತೇನೆ. "ದಯವಿಟ್ಟು" ಎಂಬುದನ್ನು ಅದು ಮರೆಯಲಿಲ್ಲ.

ಮುಖ್ಯೋಪಾಧ್ಯಾಯಿನಿಯವರನ್ನು ಕಂಡೆ. ಒಳ್ಳೆಯವರು, ದಣಿದಿದ್ದರು. "ಎರಡು ನಿಮಿಷದ ಕೆಲಸ ಸಾರ್. ಹೊರಗೆ ಹಚ್ಕೊಂಡು ಒಳಗೆ ಒರೆಸ್ಕೊಳ್ಳಲಿ. ಎಲ್ಲಾ ಮಕ್ಕಳೂ ಮಾಡ್ತಿಲ್ವಾ? ನಿಮ್ಮ ಮಗಳಿಗೊಬ್ಬಳಿಗೆ ಯಾಕೆ ಹಟ?" ಎಂದರು. ನನಗೂ ಸರಿ ಎನಿಸಿತು. ಮನೆಗೆ ಬಂದು ಮಗಳಿಗೆ ಹೇಳಿದೆ.

"ಅಪ್ಪಾ, ಹಚ್ಕೊಳ್ಳೋಕೆ ನಂಗೆ ಬರಲ್ವಾ? ಆ ಬೆಂಚಿನ ಮೇಲೆ ಕೂರೋ ಎಲ್ಲರಿಗಿಂತ ಚೆನ್ನಾಗಿ ಬರುತ್ತೆ. ಅವರಿಗದು ಆಟ, ಒರೆಸಿಬಿಡ್ತಾರೆ. ನಾನು ನಾಳೆ ಹಚ್ಕೊಂಡ್ರೆ ಮತ್ತೆ ಒರೆಸೋಕಾಗಲ್ಲ. ಬಿಡೋಕೆ ಎಷ್ಟು ಕಷ್ಟ ಆಯ್ತು ಗೊತ್ತಾ ನಿಂಗೆ?"

ಗೊತ್ತಿರಲಿಲ್ಲ. ಹಾಗಾಗಿ ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ಕಿಟಕಿಯ ಬಳಿ ಕೂರುವ ಗುಮಾಸ್ತರು ತಾಳ್ಮೆಯಿಂದ ವಿವರಿಸಿದರು. ಮುಖ ಬದಲಾಯಿಸಲು ಅವಕಾಶವಿದೆ, ಆದರೆ ಅದಕ್ಕೂ ಮೊದಲು ವಿದ್ಯಾರ್ಥಿನಿ ಯಂತ್ರದ ಮುಂದೆ ನಿಂತು ತಾನೇ ಅವಳೆಂದು ರುಜುವಾತು ಮಾಡಬೇಕು.

"ಹಳೇ ಮುಖ ಹೊಂದಬೇಕಾ?"

"ಹೌದು ಸಾರ್. ಹೊಂದಿದ್ರೆ ಮಾತ್ರ ಬದಲಾವಣೆ."

"ಹೊಂದಿದ್ರೆ ಬದಲಾಯಿಸೋದು ಯಾಕೆ?"

ಅವರು ಸುತ್ತೋಲೆಯ ಹಾಳೆ ತಿರುವಿ ನೋಡಿದರು. "ಈ ಪ್ರಶ್ನೆ ಇದುವರೆಗೆ ಯಾರೂ ಕೇಳಿಲ್ಲ ಸಾರ್" ಎಂದರು.

ಬಣ್ಣ ಹಚ್ಚಿ ಬಂದು ಸಾಬೀತುಮಾಡಿ, ತೊಳೆದುಕೊಂಡು ಬಂದರೆ ಆಗುತ್ತದೆಯೇ ಎಂದೂ ಕೇಳಿದೆ. ಹಾಗೆ ಮಾಡಿದರೆ ಒಬ್ಬಳ ಹೆಸರಿನಲ್ಲಿ ಇನ್ನೊಬ್ಬಳು ಬಂದಿದ್ದಾಳೆಂದು ಯಂತ್ರ ದೂರು ದಾಖಲಿಸುತ್ತದಂತೆ. ಮುಖ ನೋಡಿ ಮಣೆ ಹಾಕುವವರನ್ನು ನಾನು ಬಹಳ ಕಂಡಿದ್ದೇನೆ. ಮುಖ ನೋಡಿಯೂ ಇವಳ ಮುಖ ಇವಳದಲ್ಲ ಎನ್ನುವವರನ್ನು ಕಂಡಿದ್ದು ತಮ್ಮಲ್ಲೇ.

ಈಗ ತಮ್ಮ ಗಮನಕ್ಕೆ ತರಬೇಕಾದ ಹೊಸ ಬೆಳವಣಿಗೆಯೊಂದಿದೆ. ಮೊನ್ನೆ ಮಗಳ ಹಿಂದೆ ಇನ್ನೊಬ್ಬಳು ಸಖಿ ಬಣ್ಣವಿಲ್ಲದೆ ಬಂದು ನಿಂತಳು, ಮುಖದ ತುಂಬ ಮೊಡವೆ. ನಿನ್ನೆ ಮಂತ್ರಿಗಳು ಮೀಸೆ ಕಿತ್ತು ಜೇಬಿಗಿಟ್ಟು ಅವರ ಹಿಂದೆ ನಿಂತರು. ಯಂತ್ರ ಮೂವರನ್ನೂ ಬದಿಗೆ ಸರಿಯಲು ಹೇಳಿತು. ಅವರು ಸರಿಯಲಿಲ್ಲವಂತೆ. ತಮ್ಮ ಪರದೆಯ ಮೇಲೆ ಈ ತರಗತಿ ದಿನೇ ದಿನೇ ಖಾಲಿಯಾಗುತ್ತಿರುವುದು ಕಂಡರೆ ಗಾಬರಿಪಡಬೇಡಿ. ಬೆಂಚುಗಳು ತುಂಬಿಯೇ ಇವೆ.

ನನ್ನ ಬೇಡಿಕೆ ದೊಡ್ಡದಲ್ಲ. ಶುಕ್ರವಾರಕ್ಕೆ ಮೊದಲು ಒಂದು ಬೆಳಿಗ್ಗೆ ತಾವೇ ಶಾಲೆಯ ಗೇಟಿಗೆ ಬನ್ನಿ. ಯಂತ್ರ ತರಬೇಡಿ, ಅದು ಅಲ್ಲೇ ಇದೆ. ನನ್ನ ಮಗಳು ಎದುರು ಬಂದಾಗ ಅವಳ ಮುಖವನ್ನು, ಮಚ್ಚೆ ಸಮೇತ, ಸರಿಯಾಗಿ ನೋಡಿ. ಕಣ್ಣು ಮಂಜಾದರೆ ಹೇಳಿ, ಕನ್ನಡಕದ ವ್ಯವಸ್ಥೆ ನನ್ನದು. ನೋಡಿದ ಮೇಲೆ "ಹಾಜರು" ಎಂದು ಹೇಳಿ, ಆ ಮುಖವನ್ನೇ ನೋಂದಾಯಿಸಿಕೊಳ್ಳಿ. ಪರೀಕ್ಷೆಗೆ ಕೂರಿಸಿ. ತಾವು ಹೇಳುವುದು ಗಟ್ಟಿಯಾಗಿ, ಹಿಂದಿನ ಸಾಲಿನವರಿಗೂ ಕೇಳಿಸುವಂತಿರಲಿ. ಬದಿಗೆ ಸರಿ ಎಂದದ್ದೂ ಹಾಗೆಯೇ ಕೇಳಿಸಿತ್ತು.

ಇಂತಿ,
ತಮ್ಮ ಲೆಕ್ಕದಲ್ಲಿ ಶಾಲೆಗೇ ಬಾರದ ಹುಡುಗಿಯನ್ನು ದಿನಾ ಗೇಟಿನ ತನಕ ಬಿಟ್ಟು ಬರುವ ತಂದೆ