ಕಟ್ಟಿನ ಮೇಲಿನ ಎಲೆ

ಚಂದ್ರಂಪಳ್ಳಿ, ತಾ. ಚಿಂಚೋಳಿ
೧೩ ಜೂನ್ ೨೦೨೫, ಶುಕ್ರವಾರ

ಪ್ರೀತಿಯ ತಮ್ಮ ಲಕ್ಷ್ಮಿಕಾಂತನಿಗೆ ನಿನ್ನ ದಾನಮ್ಮಕ್ಕನ ಆಶೀರ್ವಾದ.

ಹೇಗಿದ್ದೀಯಾ? ಸೊಂಟನೋವು ಕಡಿಮೆ ಆಯಿತೋ ಇಲ್ಲವೋ? ನೀರು ಬದಲಾದರೆ ನಿನಗೆ ಕೆಮ್ಮು ಹತ್ತುತ್ತದೆ, ತಾಂಡೂರಿನಲ್ಲಿ ಕಾಯಿಸಿ ಆರಿಸಿದ ನೀರನ್ನೇ ಕುಡಿ. ಇದನ್ನೆಲ್ಲ ಫೋನಿನಲ್ಲೇ ಕೇಳುತ್ತಿದ್ದೆ, ಆದರೆ ನೀನು ಎತ್ತುವುದೇ ಅಪರೂಪ. ಒಂದು ಸಲ ಫೋನ್ ಒಡೆದಿದೆ ಅಂದೆ, ಇನ್ನೊಂದು ಸಲ ರೇಂಜ್ ಇಲ್ಲ ಅಂದೆ. ಒಡೆದ ಫೋನಿನಿಂದಲೇ ರೇಂಜ್ ಇಲ್ಲ ಎಂದು ಹೇಳಿದವನು ನೀನೊಬ್ಬನೇ ಇರಬೇಕು. ಅದಕ್ಕೇ ಈ ಪತ್ರ. ನಮ್ಮೂರ ಟೆಂಪೋ ಚಾಂದ್ ಆ ಕಡೆ ಬಾಡಿಗೆಗೆ ಹೊರಟಿದ್ದಾನೆ, ನಿನ್ನ ಕೈಗೇ ಕೊಡುತ್ತಾನೆ. ಇಲ್ಲಿ ಮಿರಗದ ಮಳೆ ಬಿದ್ದಿದೆ, ನಮ್ಮ ಮನೆಯವರು ತೊಗರಿ ಬಿತ್ತನೆಯಲ್ಲಿದ್ದಾರೆ. ನಿನ್ನ ಬಿಳಿ ಮೇಕೆ ಎರಡು ಮರಿ ಹಾಕಿದೆ.

ಇನ್ನು ನಮ್ಮ ಹೆಂಗಸರ ಸಂಘದ ಸುದ್ದಿ. ಸರ್ಕಾರದ ಊಟಕ್ಕೆ ಇನ್ನು ಮೇಲೆ ಪ್ಲಾಸ್ಟಿಕ್ ತಟ್ಟೆ ಕೊಳ್ಳುವುದಿಲ್ಲ, ಮಣ್ಣಿನಲ್ಲಿ ಕರಗುವ ಎಲೆಯನ್ನೇ ಕೊಳ್ಳುತ್ತೇವೆ ಎಂದು ಖರೀದಿ ನೋಡಿಕೊಳ್ಳುವ ಭೀಮಾಶಂಕರ ಸಾಹೇಬರು ಬಂದು ಹೇಳಿದಾಗ ನಾನು ನಂಬಿರಲಿಲ್ಲ, ನಿನಗೆ ಗೊತ್ತು. ನಾವು ಕಾಡಿನ ಅಂಚಿನಲ್ಲಿ ಕೂತು ಮುತ್ತಲ ಎಲೆಗೆ ಕಡ್ಡಿ ಚುಚ್ಚಿ ಊಟದೆಲೆ ಹಚ್ಚುತ್ತಾ ಮುದುಕಿಯರಾದೆವು, ಇಷ್ಟು ವರ್ಷ ಕಾಣದ ಎಲೆ ಈಗೇಕೆ ಕಂಡಿತು ಅಂದೆ. ಯಾರದೋ ಹೊಟ್ಟೆ ತುಂಬಿಸಲು ನಮ್ಮ ಹೆಸರು ಬೇಕಾಗಿದೆ ಅಂದುಕೊಂಡೆ. ಆದರೂ ಹಚ್ಚಿದೆವು. ಕಡ್ಡಿ ಸೀಳಿ ಸೀಳಿ ರಮಾಬಾಯಿಯ ಬೆರಳಿನಲ್ಲಿ ರಕ್ತ ಬಂತು. ಹಚ್ಚಿದ ಕೆಲಸ ಕಾಣಬೇಕು, ಪ್ರತಿ ಕಟ್ಟಿನ ಮೇಲಿನ ಎಲೆ ಅಂಗಾತ ಇರಬೇಕು ಎಂದು ಸಾಹೇಬರು ಹೇಳಿದ್ದರು. ನನಗೆ ಕೈ ಒಗ್ಗಲಿಲ್ಲ. ಹಲ್ಲಿ ಬೀಳುತ್ತದೆ, ಧೂಳು ಕೂಡುತ್ತದೆ ಎಂದು ನಮ್ಮವ್ವ ಮೇಲಿನ ಎಲೆಯನ್ನು ಯಾವಾಗಲೂ ಬೋರಲು ಹಾಕುತ್ತಿದ್ದಳಲ್ಲ, ಅದೇ ರೂಢಿ ನನಗೂ. ನಾನು ಬೋರಲು ಹಾಕುವುದು, ಹೆಂಗಸರು ನಕ್ಕು ತಿರುಗಿಸುವುದು, ಹೀಗೇ ಆಯಿತು. ಕೊನೆಗೆ ಒಂದೊಂದು ಕಟ್ಟನ್ನೂ ನಾನೇ ನೋಡಿದೆ, ಎಲ್ಲದರಲ್ಲೂ ಮೇಲಿನ ಎಲೆ ಅಂಗಾತವೇ ಇತ್ತು.

ಆ ರಾತ್ರಿ ಕಟ್ಟುಗಳು ರಮಾಬಾಯಿಯ ಪಡಸಾಲೆಯಲ್ಲಿದ್ದವು. ಬೆಳಿಗ್ಗೆ ನೀನು ಗಾಡಿ ತಂದೆ. ನಾನು ಜೊತೆಗೆ ಬರುತ್ತೇನೆ ಅಂದದ್ದಕ್ಕೆ, "ಅಕ್ಕಾ, ನೀ ಯಾಕ ಧೂಳ ತಿಂತಿ, ನಾ ಮುಟ್ಟಸ್ತೀನಿ, ನೀ ಆರಾಮ್ ಕುಂದ್ರು" ಅಂದೆ. ನನ್ನ ತಮ್ಮನಿಗೆ ನನ್ನ ಮೇಲೆ ಎಷ್ಟು ಮಾಯೆ ಎಂದು ಊರೆಲ್ಲ ಹೇಳಿಕೊಂಡು ಬಂದೆ.

ಮರುದಿನ ಚಿಂಚೋಳಿಯಲ್ಲಿ ಊಟಕ್ಕೆ ಕೂತವರ ಎಲೆಗೆ ಬಿಸಿ ಬ್ಯಾಳಿ ಬಿದ್ದ ಕೂಡಲೇ ಹೊಳಪಿನ ಹಾಳೆಯೊಂದು ಮುದುಡಿ ಎದ್ದು ಬಂತಂತೆ. ಕೆಳಗೆ ರಟ್ಟು, ಮೇಲೆ ಎಲೆಯ ಬಣ್ಣದ ಪ್ಲಾಸ್ಟಿಕ್. ಸಾಹೇಬರು ಉಳಿದ ಕಟ್ಟುಗಳನ್ನು ತಂದು ನಮ್ಮ ಮುಂದೆ ಹಾಕಿ, ಇದನ್ನು ಮಾಡಿದವರನ್ನು ಸಂಘದಿಂದ ತೆಗೆಯಿರಿ, ಇಲ್ಲವಾದರೆ ನಿಮ್ಮಿಂದ ಮತ್ತೆ ಕೊಳ್ಳುವುದಿಲ್ಲ ಅಂದರು. ನಾನು ಮೊದಲು ಸಾಹೇಬರನ್ನೇ ಅನುಮಾನಿಸಿದೆ, ಆಮೇಲೆ ಅಡುಗೆಯವರನ್ನು. ಹೆಂಗಸರು ರಮಾಬಾಯಿಯನ್ನು ಹಿಡಿದರು, ಮಾಲು ಇದ್ದದ್ದು ಅವಳ ಮನೆಯಲ್ಲಲ್ಲವೇ. ಅವಳ ಗಂಡನಿಗೆ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಕೂಲಿ ನಿಂತಿದೆ, ಈ ಎಲೆಯಿಂದಲೇ ಅವಳ ಒಲೆ ಉರಿಯುವುದು. ನಿನ್ನೆ ನನ್ನ ಹೊಸ್ತಿಲಲ್ಲಿ ಕೂತು, "ಅಕ್ಕಾರ, ನೀವರ ನನ್ನ ಮಾರಿ ನೋಡಿ ಹೇಳ್ರಿ, ನಾ ಮಾಡೀನೇನ್ರಿ" ಅಂದಳು. ಒಂದು ಚೆಂಬು ನೀರು ತಂದುಕೊಟ್ಟೆ. ಸೋಮವಾರ ಸಭೆ ಇದೆ, ಸಂಘದಿಂದ ಅವಳ ಹೆಸರು ಹೊಡೆದುಹಾಕುತ್ತಾರೆ.

ನೀನು ಗಾಡಿಗೆ ಹೊಸ ಟಾಯರು ಹಾಕಿಸಿದ್ದೀಯಂತೆ, ಚಾಂದ್ ಹೇಳಿದ, ಒಳ್ಳೆಯದಾಯಿತು. ತಾಂಡೂರಿನ ಮದುವೆ ಮನೆಗಳಲ್ಲಿ ಈಗ ಕೈಯಲ್ಲಿ ಹಚ್ಚಿದ ಮುತ್ತಲ ಎಲೆಗೆ ಭಾಳ ಬೆಲೆ ಎಂದೂ ಅವನೇ ಹೇಳಿದ. ಹೊತ್ತಿಗೆ ಸರಿಯಾಗಿ ಊಟ ಮಾಡು, ಗಾಡಿ ನಿಧಾನ ಓಡಿಸು. ದೇವರು ನಿನಗೆ ಒಳ್ಳೆಯ ಬುದ್ಧಿ, ಆರೋಗ್ಯ ಕೊಡಲಿ. ಮನೆಯವರು ನಿನ್ನನ್ನು ಕೇಳಿದ್ದಾರೆ.

ನಿನ್ನ ಅಕ್ಕ,
ದಾನಮ್ಮ

ತಾ.ಕ.: ಚಾಂದ್ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ವಾಪಸು ಬಂದ ಕಟ್ಟುಗಳಲ್ಲಿ ಯಾರೂ ಬಿಚ್ಚದ ನಾಲ್ಕಾರು ಇದ್ದವು, ಇವತ್ತು ಒಬ್ಬಳೇ ಕೂತು ಬಿಚ್ಚಿದೆ. ಎಲ್ಲ ಪ್ಲಾಸ್ಟಿಕ್ಕಿನವೇ. ಆದರೆ ಪ್ರತಿ ಕಟ್ಟಿನಲ್ಲೂ ಮೇಲಿನದು ಬೋರಲು ಇದೆ. ಅವ್ವನ ಈ ರೂಢಿ ಉಳಿದಿರುವುದು ನಮ್ಮಿಬ್ಬರ ಕೈಯಲ್ಲಿ, ನಾನಂತೂ ಮಾಡಿಲ್ಲ. ಸೋಮವಾರ ಸಭೆಗೆ ಮೊದಲು ಬಾ, ನಿನ್ನ ಬಾಯಿಂದಲೇ ಹೇಳು. ಬರದಿದ್ದರೆ ನಾನು ಎದ್ದು ನಿಂತು ನಿನ್ನ ಹೆಸರು ಹೇಳುತ್ತೇನೆ, ಅತ್ತುಕೊಂಡಾದರೂ ಹೇಳುತ್ತೇನೆ. ಉಂಡು ಬರಬೇಡ, ಎಲೆ ಹಾಕಿ ಬಡಿಸುತ್ತೇನೆ.